ಕೆಂಪು ದೀಪಕ್ಕೊಂದು ಲೋಟ ನೀರು

ನಮ್ಮತ್ತೆ ಒಳ್ಳೆಯ ಹೆಂಗಸಲ್ಲ. ಅವರ ಹಾಲು ಮಾತ್ರ ಒಳ್ಳೆಯದಾಗಿತ್ತು. ಈ ಎರಡು ಮಾತನ್ನೂ ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಮೊದಲನೆಯದನ್ನು ಅವರ ಮುಂದೆಯೇ ಹೇಳಿದ್ದೇನೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ತಿರುವಿದ ಮುದ್ದೆಯಲ್ಲಿ ಗಂಟು ಉಳಿದಿತ್ತು. ಅತ್ತೆ ಅದನ್ನು ತಟ್ಟೆಯಿಂದ ಎತ್ತಿಕೊಂಡು ಹೋಗಿ ಬೀದಿ ನಾಯಿಯ ಮುಂದೆ ಇಟ್ಟರು. ನಾಯಿ ಮೂಸಿ ನೋಡಿ ಹೊರಟುಹೋಯಿತು. "ನೋಡ್ದಾ, ನಾಯ್ಗೂ ಒಂದು ಮಾನ ಐತೆ," ಎಂದು ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವ ಹಾಗೆ ಹೇಳಿದರು. ನನ್ನ ಬಿ.ಎಡ್. ಸರ್ಟಿಫಿಕೇಟು ಆ ದಿನ ಯಾವ ಕೆಲಸಕ್ಕೂ ಬರಲಿಲ್ಲ.

ಆ ಬಾಯಿಯ ಜೊತೆಗೆ ದೇವರು ಅವರಿಗೊಂದು ಕೈ ಕೊಟ್ಟಿದ್ದ. ಮೂವತ್ತು ವರ್ಷ ಹಾಲು ಅಳೆದ ಕೈ, ಒಂದು ತೊಟ್ಟು ನೀರು ಬೆರೆಸಿರಲಿಲ್ಲ. ಕ್ಯಾನು ತೊಳೆದರೆ ಬೋರಲು ಹಾಕಿ ಒಣಗಿಸಿ, ಆಮೇಲೂ ಒಳಗೆ ಕೈಬಿಟ್ಟು ಒಣಬಟ್ಟೆಯಿಂದ ಒರೆಸುತ್ತಿದ್ದರು. ತೊಳೆದ ನೀರಿನ ತೇವ ಕೂಡ ಹಾಲಿಗೆ ಸೇರಬಾರದು. ಇದೆಲ್ಲ ಧರ್ಮಬುದ್ಧಿಯಿಂದ ಅಂತ ನನಗೆ ಯಾವತ್ತೂ ಅನಿಸಿಲ್ಲ. ಊರಿನವರನ್ನೆಲ್ಲ ಬೈಯಲು ಅವರಿಗೆ ನಿಲ್ಲುವುದಕ್ಕೊಂದು ಎತ್ತರದ ಜಾಗ ಬೇಕಿತ್ತು. ನೀರಿಲ್ಲದ ಹಾಲು ಆ ಜಾಗ. ಅದರ ಮೇಲೆ ನಿಂತು ಅವರು ಯಾರನ್ನು ಬೇಕಾದರೂ ಬೈಯಬಹುದಿತ್ತು, ನನ್ನನ್ನೂ ಸೇರಿಸಿ.

ನಮ್ಮೂರು ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವೆ ಇದೆ. ನನ್ನ ಗಂಡ ಬೆಳಕು ಹರಿಯುವ ಮುಂಚೆ ಬಂಗಾರಪೇಟೆ ಸ್ಟೇಷನ್ನಿಗೆ ಓಡಿ, ಬೆಂಗಳೂರಿನ ರೈಲಿನಲ್ಲಿ ನಿಂತುಕೊಂಡು ಹೋಗಿ, ಕಾರ್ಖಾನೆಯಲ್ಲಿ ನಿಂತುಕೊಂಡೇ ಕೆಲಸ ಮಾಡಿ, ನಿಂತುಕೊಂಡೇ ವಾಪಸ್ಸು ಬರುವ ಮನುಷ್ಯ. ಹಾಗಾಗಿ ಹಾಲಿನ ಮೊಪೆಡ್ಡು ನನ್ನ ಪಾಲಿಗೆ ಬಂತು. ಎರಡು ಪಕ್ಕದಲ್ಲಿ ಕ್ಯಾನು, ಹಿಂದೆ ಅತ್ತೆ. ಮೊದಲು ನಂದಿದುರ್ಗದ ಲೈನ್ ಮನೆಗಳು, ಅಂದರೆ ಚಿನ್ನದ ಗಣಿಯ ಕೆಲಸದವರ ಸಾಲುಮನೆಗಳು, ಆಮೇಲೆ ಉರಿಗಾಂನಲ್ಲಿ ಒಂದಿಷ್ಟು ಮನೆ. ಹಾಲು ಮುಗಿದ ಮೇಲೆ ಅವರು ಖಾಲಿ ಕ್ಯಾನು ಹಿಡಿದು ಬಸ್ಸು ಹತ್ತುತ್ತಿದ್ದರು, ನಾನು ಆಂಡರ್ಸನ್‌ಪೇಟೆಯ ಶಾಲೆಗೆ ಕನ್ನಡ ಪಾಠ ಮಾಡಲು ಹೋಗುತ್ತಿದ್ದೆ. ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಬೈಗುಳ ಬೀಳುತ್ತಿತ್ತು. ಗುಂಡಿಗೆ ಇಳಿಸಿದರೆ ಬೈಗುಳ, ಗುಂಡಿ ತಪ್ಪಿಸಲು ವಾಲಿಸಿದರೂ ಬೈಗುಳ.

ಲೈನಿನಲ್ಲಿ ಹಾಲಿಗೆ ವರ್ತನೆ ಇಟ್ಟುಕೊಳ್ಳುತ್ತಾರೆ. ದಿನಾ ಒಬ್ಬರ ಹತ್ತಿರವೇ ಹಾಲು, ತಿಂಗಳಿಗೊಮ್ಮೆ ಲೆಕ್ಕ, ನಡುವೆ ಬೇರೆಯವರನ್ನು ಕೂಗುವಂತಿಲ್ಲ. ಬೆಳಿಗ್ಗೆ ಹೊಸ್ತಿಲ ಪಕ್ಕ ಪಾತ್ರೆ ಇಟ್ಟು ಮೇಲೊಂದು ತಟ್ಟೆ ಮುಚ್ಚಿದ್ದರೆ ಇವತ್ತೂ ಹಾಲು ಬೇಕು ಅಂತ ಅರ್ಥ. ಅತ್ತೆ ಅಳೆದು ಸುರಿದ ಮೇಲೆ ಅಳತೆಯನ್ನು ಮತ್ತೊಮ್ಮೆ ಕ್ಯಾನಿಗೆ ಅದ್ದಿ, ಒಂದು ಚೂರು ಕೊಸರು ಹಾಕುತ್ತಿದ್ದರು. ಕೊಸರಿಲ್ಲದೆ ಎದ್ದರೆ ಅದು ವ್ಯಾಪಾರ. ಕೊಸರು ಹಾಕಿದರೆ ವರ್ತನೆ.

ನಂದಿದುರ್ಗದ ಲೈನಿನ ಮೊದಲ ಮನೆಯಲ್ಲಿ ಒಬ್ಬ ತಮಿಳು ಮುದುಕಿ. ಗಂಡ ಗಣಿಯೊಳಗೆ ಇಳಿಯುತ್ತಿದ್ದವನು, ತೀರಿಹೋಗಿ ಬಹಳ ಕಾಲವಾಯಿತು. ಎಲ್ಲರೂ ಆಕೆಯನ್ನು ಪಾಟಿ, ಅಂದರೆ ಅಜ್ಜಿ, ಅನ್ನುತ್ತಿದ್ದರು, ನಾವೂ ಅನ್ನುತ್ತಿದ್ದೆವು. ಹಾಲಿಗೆ ಪಾಲು, ನೀರಿಗೆ ತಣ್ಣಿ, ಸುರಿಯುವುದಕ್ಕೆ ಊತ್ತುವುದು ಅನ್ನುತ್ತಿದ್ದಳು. ಪಾಟಿಗೂ ಅತ್ತೆಗೂ ದಿನಾ ಒಂದೇ ತಮಾಷೆ.

"ಎನ್ನಮ್ಮಾ ಪಾಲ್ಕಾರಮ್ಮಾ, ಇವತ್ತು ತಣ್ಣಿ ಎಷ್ಟು ಊತ್ತಿದೀಯ?"

"ನಿನ್ ಬಾಯಿ ತೊಳೆಯೋವಷ್ಟು ಆಕಿವ್ನಿ, ಕುಡಿ."

ಇಬ್ಬರೂ ನಗುತ್ತಿದ್ದರು. ನೀರು ಹಾಕುವವರ ಹತ್ತಿರ ಯಾರೂ ಈ ತಮಾಷೆ ಮಾಡುವುದಿಲ್ಲ. ಹಾಕದವರ ಹತ್ತಿರ ಮಾತ್ರ ಮಾಡಬಹುದಾದ ತಮಾಷೆ ಅದು. ಅತ್ತೆಗೆ ಅದು ದಿನದ ಬಹುಮಾನ.

ಹಾಲು ಪರೀಕ್ಷಿಸುವ ಯಂತ್ರ ಮಾರುವ ಒಂದು ಕಂಪನಿಯ ಕತೆಗೆ ಹೋಗುವ ಮುಂಚೆ ಇನ್ನೊಬ್ಬಳ ಬಗ್ಗೆ ಹೇಳಬೇಕು. ಪಕ್ಕದ ಹಳ್ಳಿಯವಳು, ಗಂಡ ಹಾಸಿಗೆ ಹಿಡಿದಿದ್ದ. ಒಂದು ಹಸು ಕಟ್ಟಿಕೊಂಡು ಅವಳೂ ಇದೇ ಲೈನಿಗೆ ಹಾಲು ತರಲು ಶುರುಮಾಡಿದ್ದಳು. ಮೆತ್ತಗಿನ ಹೆಂಗಸು. ನಡೆಯುವಾಗ ಆ ಕಡೆ ಈ ಕಡೆ ನೋಡುತ್ತಾ, ಯಾರಾದರೂ ಬೈದಾರೇನೋ ಅನ್ನುವ ಹಾಗೆ ನಡೆಯುತ್ತಿದ್ದಳು. ಒಂದು ಬೆಳಿಗ್ಗೆ ನೀರಿನ ನಲ್ಲಿಯ ಹತ್ತಿರ ಹೆಂಗಸರೆಲ್ಲ ಸೇರಿದ್ದಾಗ ಅತ್ತೆ ಅವಳ ಕ್ಯಾನಿಗೆ ಬೆರಳು ಅದ್ದಿ, ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಬಿಟ್ಟುಕೊಂಡು ಓರೆ ಮಾಡಿದರು. ಗಟ್ಟಿ ಹಾಲಾದರೆ ಹನಿ ಉಗುರಿನ ಮೇಲೆ ನಿಲ್ಲುತ್ತದೆ, ನೀರು ಬೆರೆತಿದ್ದರೆ ಜಾರುತ್ತದೆ. ಓರೆ ಮಾಡುವುದು ಜಾಸ್ತಿಯಾದರೆ ಯಾವ ಹಾಲಾದರೂ ಜಾರುತ್ತದೆ.

"ಓಡ್ತಾ ಐತೆ ನೋಡ್ರಮ್ಮಾ! ಆಲಲ್ಲ, ಮೊಲ ಇದು!"

ಹೆಂಗಸರು ನಕ್ಕರು. ಆಮೇಲೆ ಅವಳು ಆ ಲೈನಿಗೆ ಬರಲಿಲ್ಲ. ಅವಳ ಹಾಲಿಗೆ ನಿಜವಾಗಿ ನೀರು ಬಿದ್ದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅತ್ತೆಗೂ ಗೊತ್ತಿರಲಿಲ್ಲ ಅಂತ ನನ್ನ ಅನುಮಾನ.

ಕಂಪನಿಯವರು ಬಂದದ್ದು ಇದಾದ ಒಂದೆರಡು ವರ್ಷಕ್ಕೆ. ನಮ್ಮೂರ ಡೈರಿಯ ಅಂಗಳದಲ್ಲಿ ಶಾಮಿಯಾನ ಹಾಕಿ, ಪರದೆ ಕಟ್ಟಿ, ಬಂದವರಿಗೆಲ್ಲ ಮೈಸೂರುಪಾಕು ಮತ್ತು ಖಾರಾಬೂಂದಿಯ ಪೊಟ್ಟಣ ಹಂಚಿದರು. ಪೊಟ್ಟಣ ಮೊದಲೇ ಕೊಟ್ಟದ್ದು ತಪ್ಪಾಯಿತು, ಅರ್ಧ ಜನ ಎದ್ದುಹೋದರು. ಉಳಿದವರ ಮುಂದೆ ಕುತ್ತಿಗೆಗೆ ಕಾರ್ಡು ನೇತುಹಾಕಿಕೊಂಡ ಒಬ್ಬ ಹುಡುಗಿ ಮಾತಾಡಿದಳು. ಕೈಯಲ್ಲಿ ಒಂದು ಪೆನ್ನಿನಂಥ ಯಂತ್ರ. ಹಾಲಿಗೆ ಅದ್ದಿದರೆ ಶುದ್ಧವಾಗಿದ್ದರೆ ಹಸಿರು ದೀಪ, ನೀರು ಬೆರೆತಿದ್ದರೆ ಕೆಂಪು ದೀಪ. ಇದನ್ನು ಅವಳು ಒಂದು ನಿಮಿಷದಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಅವಳು ಪೆನ್ನಿನ ಬಗ್ಗೆ ಮಾತಾಡಲು ಬಂದಿರಲಿಲ್ಲ, ನಾವೀನ್ಯತೆಯ ಬಗ್ಗೆ ಮಾತಾಡಲು ಬಂದಿದ್ದಳು. ಪರದೆಯ ಮೇಲೆ ಮೂರು ಚಿತ್ರ ಮೂಡಿದವು: ಅಳುವ ಮಗು, ಪೆನ್ನು, ನಗುವ ಮಗು. ಕೆಳಗೆ "ನಿಮ್ಮ ಹಾಲನ್ನು ಸಬಲಗೊಳಿಸಿ" ಎಂದು ಬರೆದಿತ್ತು. ಎಂಟನೇ ಕ್ಲಾಸಿಗೆ ಪ್ರಬಂಧ ಹೇಳಿಕೊಡುವಾಗ ನಾನೂ ಪೀಠಿಕೆ, ವಿವರಣೆ, ಉಪಸಂಹಾರ ಅನ್ನುತ್ತೇನೆ. ನನ್ನ ಮಕ್ಕಳು ಹಾಲನ್ನು ಸಬಲಗೊಳಿಸಿದರೆ ಕೆಂಪು ಇಂಕಿನಲ್ಲಿ ಸುತ್ತು ಹಾಕುತ್ತೇನೆ.

ಡೈರಿಯ ಕಾರ್ಯದರ್ಶಿ ಎದ್ದು ನಿಂತರು. "ಅಲ್ಲಮ್ಮಾ, ನಾವು ಗಾಜಿನ ಲ್ಯಾಕ್ಟೋಮೀಟರ್ ಬಿಟ್ಟು ದಿನಾ ನೋಡ್ತೀವಲ್ಲ. ಇದ್ರಾಗೆ ಒಸಾದೇನೈತೆ?"

ಹುಡುಗಿ ಈ ಪ್ರಶ್ನೆಗೇ ಕಾದಿದ್ದವಳ ಹಾಗೆ ಮುಗುಳ್ನಕ್ಕಳು. "ಸರ್, ಅದು ಪರೀಕ್ಷೆ. ಇದು ನಂಬಿಕೆ."

ಕಾರ್ಯದರ್ಶಿ ಕೂತರು. ಅರ್ಥವಾಗದೆ ಕೂತರು ಅಂತ ನನಗೆ ಗೊತ್ತು, ಅರ್ಥವಾಯಿತು ಅಂತ ಅವಳು ಬರೆದುಕೊಂಡಿರಬೇಕು.

ಕೊನೆಗೆ ಅವಳು ವಿಷಯಕ್ಕೆ ಬಂದಳು. ಒಂದು ಚಿಕ್ಕ ವಿಡಿಯೋ ಮಾಡಬೇಕು, ನಿಜವಾದ ಹಾಲಿನವರು ಬೇಕು, ನಟರು ಬೇಡ. ಮನೆಮನೆಗೆ ಹಾಲು ಹಾಕುವವರಲ್ಲಿ ಚೆನ್ನಾಗಿ ಮಾತಾಡುವವರು ಯಾರಿದ್ದಾರೆ? ಅಂಗಳದಲ್ಲಿದ್ದವರೆಲ್ಲ ಒಟ್ಟಿಗೆ ಅತ್ತೆಯ ಕಡೆ ತಿರುಗಿದರು. ಅರ್ಧ ಜನಕ್ಕೆ ಅವರನ್ನು ಸಿಕ್ಕಿಸಿ ಹಾಕುವ ಆಸೆ, ಇನ್ನರ್ಧಕ್ಕೆ ನಿಜವಾಗಿಯೂ ಬೇರೆ ಯಾರೂ ತೋಚಲಿಲ್ಲ.

"ಸಿನಿಮಾನಾ?" ಎಂದು ಅತ್ತೆ ಸೆರಗು ಸರಿಮಾಡಿಕೊಂಡರು.

ಭಾನುವಾರ ಅವರು ನಮ್ಮ ಮನೆಗೆ ಬಂದರು. ಹುಡುಗಿ, ಕ್ಯಾಮೆರಾ ಹಿಡಿದ ಒಬ್ಬ, ಕಂಪನಿಯ ಬಂಗಾರಪೇಟೆ ಆಫೀಸಿನ ಒಬ್ಬ ನೌಕರ. ಅತ್ತೆ ರೇಷ್ಮೆ ಸೀರೆ ಉಟ್ಟು ನಿಂತಿದ್ದರು. ದಿನಾ ಉಡುವ ಸೀರೆ ಉಟ್ಟುಕೊಳ್ಳಿ ಅಜ್ಜಿ ಅಂದರು. ಮುಖ ಸಿಂಡರಿಸಿಕೊಂಡು ಒಳಗೆ ಹೋಗಿ ಬದಲಾಯಿಸಿ ಬಂದರು. ಚಿತ್ರಾನ್ನ, ಕಾಫಿ ಆಯಿತು. ಕಾಫಿ ಕುಡಿದ ಕ್ಯಾಮೆರಾದವನು "ಇಂಥ ಹಾಲು ಬೆಂಗಳೂರಲ್ಲಿ ಎಲ್ಲಿ ಸಿಗತ್ತೆ" ಅಂದ. ಅತ್ತೆ ಅವನಿಗೆ ಕೇಳದೆಯೇ ಇನ್ನೊಂದು ಲೋಟ ಬಗ್ಗಿಸಿದರು.

ಕೊಟ್ಟಿಗೆಯ ಮುಂದೆ ಕ್ಯಾನಿಟ್ಟು ಪೆನ್ನು ಅದ್ದಿದರು. ಹಸಿರು. ಎಲ್ಲರೂ ಚಪ್ಪಾಳೆ ತಟ್ಟಿದರು. "ನಂಗೊತ್ತಿರೋದ್ನ ನಂಗೇ ಏಳ್ತದಲ್ಲ ಇದು," ಎಂದು ಅತ್ತೆ ಕ್ಯಾಮೆರಾದ ಕಣ್ಣನ್ನೇ ನೋಡುತ್ತಾ ಒಂದು ಭಾಷಣ ಬಿಗಿದರು. ತಾನು ಯಾವತ್ತೂ ನೀರು ಹಾಕಿಲ್ಲ, ಹಾಕಿದವರ ಕೈಗೆ ಹುಳ ಬೀಳಲಿ, ಲೈನಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಚೆನ್ನಾಗಿಯೇ ಮಾತಾಡಿದರು. ನನಗೇ ಒಂದು ಕ್ಷಣ ಹೆಮ್ಮೆಯಾಯಿತು.

ಆಮೇಲೆ ಹುಡುಗಿ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು. "ಅಜ್ಜಿ, ಹಸಿರು ಬಂತು. ಕೆಂಪು ಬರೋದನ್ನೂ ತೋರಿಸ್ಬೇಕಲ್ವಾ? ಇಲ್ಲಾಂದ್ರೆ ಯಂತ್ರ ಕೆಲಸ ಮಾಡತ್ತೆ ಅಂತ ಜನಕ್ಕೆ ಹೇಗೆ ಗೊತ್ತಾಗ್ಬೇಕು? ಒಂದು ಲೋಟ ನೀರು ಹಾಕ್ತೀರಾ?"

ಅತ್ತೆಯ ಮುಖ ಗಂಟಿಕ್ಕಿತು. "ನಾನಾಕಾಕಿಲ್ಲ. ಬೇರೆ ಯಾರ್ಕೈಲಾದ್ರೂ ಆಕ್ಸು."

"ನಿಮ್ಮ ಕೈ ನೋಡಿದ್ರೇ ಹಾಲಿನ ಕೈ ಅಂತ ಗೊತ್ತಾಗತ್ತೆ ಅಜ್ಜಿ. ನಮ್ಮ ಕೈ ಯಾರು ನಂಬ್ತಾರೆ?"

ಅತ್ತೆ ನನ್ನ ಕಡೆ ನೋಡಿದರು. "ಮನೇಲಿ ಉಂಡೋರು ಕೇಳ್ದಾಗ ಇಲ್ಲ ಅನ್ನಕ್ಕಾಯ್ತದಾ?" ಎಂದು ತಮಗೇ ಹೇಳಿಕೊಂಡರು. ಆದರೂ ಸುಮ್ಮನೆ ಒಪ್ಪಲಿಲ್ಲ. ಮಾರುವ ಹಾಲನ್ನೆಲ್ಲ ಬೇರೆ ಪಾತ್ರೆಗೆ ಬಗ್ಗಿಸಿ, ಕ್ಯಾನಿನ ತಳದಲ್ಲಿ ಸ್ವಲ್ಪ ಮಾತ್ರ ಉಳಿಸಿದರು. "ಈ ಆಲು ಕರೂಗೆ. ಮನುಸ್ರು ಕುಡಿಯೋಕಲ್ಲ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಮೊದಲ ಸಲ ಸೆಟೆದುಕೊಂಡು ಹಾಕಿದರು. ಕ್ಯಾಮೆರಾದವನಿಗೆ ಹಿಡಿಸಲಿಲ್ಲ. ಕದ್ದು ಹಾಕೋ ಹಾಗೆ ಹಾಕಿ ಅಜ್ಜಿ, ಆ ಕಡೆ ಈ ಕಡೆ ನೋಡಿ, ಅಂದ. ಆಗ ಅತ್ತೆಗೆ ಆ ಮೆತ್ತಗಿನ ಹೆಂಗಸು ನೆನಪಾದಳು. ಕುತ್ತಿಗೆ ಒಳಗೆಳೆದುಕೊಂಡು, ಕಣ್ಣು ಪಿಳಿಪಿಳಿ ಬಿಟ್ಟು, ಅವಳ ಹಾಗೆಯೇ ಆ ಕಡೆ ಈ ಕಡೆ ನೋಡುತ್ತಾ ಲೋಟದ ನೀರು ಕ್ಯಾನಿಗೆ ಸುರಿದರು. ಅಂಗಳದಲ್ಲಿ ನಿಂತಿದ್ದ ಅಕ್ಕಪಕ್ಕದವರಿಗೆ ಯಾರ ಅಣಕ ಅಂತ ತಕ್ಷಣ ಗೊತ್ತಾಗಿ ಗೊಳ್ಳೆಂದು ನಕ್ಕರು. ನಗು ಕೇಳಿ ಅತ್ತೆಗೆ ಹುಮ್ಮಸ್ಸು ಬಂತು. ಮತ್ತೆ ಮಾಡಿದರು, ಇನ್ನೂ ಚೆನ್ನಾಗಿ. ಅಷ್ಟು ಒಳ್ಳೆಯ ನಟನೆಯನ್ನು ನಾನು ಶಾಲೆಯ ವಾರ್ಷಿಕೋತ್ಸವದಲ್ಲಿ ಯಾವತ್ತೂ ನೋಡಿಲ್ಲ. ಪೆನ್ನು ಕೆಂಪಗೆ ಉರಿಯಿತು.

ವಿಡಿಯೋ ನಾನು ನೋಡಿದ್ದು ಸ್ಟಾಫ್ ರೂಮಿನಲ್ಲಿ. ಗಣಿತದ ಮೇಡಂ ಮೊಬೈಲು ಚಾಚಿ, "ಇವ್ರು ನಿಮ್ಮ ಅತ್ತೆ ತರಾನೇ ಇದ್ದಾರಲ್ಲ" ಅಂದರು. ಶೋಕದ ಸಂಗೀತ. ಪರದೆಯ ಮೇಲೆ ಅಕ್ಷರ: "ಇಷ್ಟು ವರ್ಷ ನಿಮ್ಮ ಮನೆಗೆ ಬರುತ್ತಿದ್ದದ್ದು ಏನು?" ಆಮೇಲೆ ಅತ್ತೆ. ಕುತ್ತಿಗೆ ಒಳಗೆಳೆದುಕೊಂಡು, ಆ ಕಡೆ ಈ ಕಡೆ ನೋಡಿ, ಲೋಟದ ನೀರನ್ನು ಕ್ಯಾನಿಗೆ ಸುರಿಯುವ ಅತ್ತೆ. ಕೆಂಪು ದೀಪ. ಒಂದು ಮಗು ಹಾಲಿನ ಲೋಟವನ್ನು ದೂರ ತಳ್ಳುತ್ತದೆ. ಕೊನೆಗೆ ಪೆನ್ನು, ಕಂಪನಿಯ ಗುರುತು, "ಇನ್ನು ಯಾರೂ ನಿಮ್ಮನ್ನು ವಂಚಿಸಲಾರರು." ಹಸಿರು ದೀಪ ಇರಲಿಲ್ಲ. ಭಾಷಣ ಇರಲಿಲ್ಲ. ಕರುವಿನ ಮಾತು ಇರಲಿಲ್ಲ.

ನನಗೆ ಮೊದಲು ಬಂದದ್ದು ನಗು. ಇದನ್ನು ಯಾಕೆ ಮುಚ್ಚಿಡಲಿ? ನಾಯಿಯ ಮುಂದೆ ಇಟ್ಟ ಮುದ್ದೆ ನೆನಪಾಯಿತು, ಒಳಗೆ ಎಲ್ಲೋ ತಣ್ಣಗಾಯಿತು. ಆ ತಂಪು ಮರುದಿನ ಬೆಳಿಗ್ಗೆಯವರೆಗೆ ಇತ್ತು.

ಮರುದಿನ ನಂದಿದುರ್ಗದ ಲೈನಿನಲ್ಲಿ ಯಾರ ಹೊಸ್ತಿಲಲ್ಲೂ ಪಾತ್ರೆ ಇರಲಿಲ್ಲ. ಒಂದು ಮನೆ, ಇನ್ನೊಂದು ಮನೆ, ಉದ್ದಕ್ಕೂ ಬರೀ ಹೊಸ್ತಿಲು. ಅತ್ತೆಗೆ ಇನ್ನೂ ವಿಷಯ ಗೊತ್ತಿರಲಿಲ್ಲ. "ಯಾರಾದ್ರೂ ಓಗ್ಬಿಟ್ರೇನೇ?" ಎಂದು ಗಾಬರಿಯಾಗಿ ಕೇಳಿದರು. ಸಾವಾದ ದಿನ ಮಾತ್ರ ಹಾಗೆ ಲೈನಿಗೆ ಲೈನೇ ಪಾತ್ರೆ ಇಡದೆ ಇರುವುದು. ಪಾಟಿ ಬಾಗಿಲಿಗೆ ಬಂದಳು, ಹೊಸ್ತಿಲು ದಾಟಲಿಲ್ಲ.

"ತಣ್ಣಿ ಊತ್ತುನಿಯಾಮ್ಮಾ?" ಎಂದು ಕೇಳಿದಳು. ನಗದೆ ಕೇಳಿದಳು.

ಅತ್ತೆ ಅಭ್ಯಾಸಬಲದಿಂದ ಉತ್ತರ ಕೊಟ್ಟೇಬಿಟ್ಟರು. "ನಿನ್ ಬಾಯಿ ತೊಳೆಯೋವಷ್ಟು..."

ಪಾಟಿಯ ಮೊಮ್ಮಗಳು ಮೊಬೈಲು ತಂದು ಅವರ ಮುಖದ ಮುಂದೆ ಹಿಡಿದಳು. ಅತ್ತೆ ತಮ್ಮನ್ನು ತಾವು ನೋಡಿದರು. ವಿಡಿಯೋ ಮುಗಿದು ತಾನಾಗಿಯೇ ಮತ್ತೆ ಶುರುವಾಯಿತು. ಅತ್ತೆ ಮತ್ತೆ ನೀರು ಸುರಿದರು. ಆಗ ನನ್ನ ತಂಪು ಇಳಿದುಹೋಯಿತು. ಯಾರೋ ನನ್ನ ಕೆನ್ನೆಗೇ ಹೊಡೆದ ಹಾಗಾಯಿತು.

"ಅವ್ರು ಏಳುದ್ರು, ನಾನಾಕ್ದೆ. ಆಟಕ್ಕೆ ಕಣವ್ವಾ. ನಿನ್ನಾಣೆ!" ಅತ್ತೆ ಕ್ಯಾನಿನ ಮುಚ್ಚಳ ತೆಗೆದು, ಬೆರಳದ್ದಿ, ಹೆಬ್ಬೆರಳ ಉಗುರಿನ ಮೇಲೆ ಹನಿ ಬಿಟ್ಟು, ಮನೆಯಿಂದ ಮನೆಗೆ ಕೈ ಚಾಚಿಕೊಂಡು ನಡೆದರು. "ನೋಡ್ರಮ್ಮಾ, ನಿಂತೈತೆ ನೋಡ್ರಿ. ಓಡ್ತಾ ಐತಾ?" ಹನಿ ನಿಂತೇ ಇತ್ತು. ನಲ್ಲಿಯ ಹತ್ತಿರ ಒಬ್ಬ ಹೆಂಗಸು ಹೇಳಿದಳು: "ಉಗುರೆಲ್ಲ ಹಳೇ ಕಾಲದ್ದು ಪಾಲ್ಕಾರಮ್ಮಾ. ಈಗ ಮಿಷಿನ್ ಬಂದಿದೆಯಲ್ಲ."

ಉರಿಗಾಂನಲ್ಲೂ ಅದೇ ಆಯಿತು. ಆ ದಿನದ ಹಾಲನ್ನು ವಾಪಸ್ಸು ತಂದು ಡೈರಿಗೆ ಸುರಿದೆವು. ಅಲ್ಲಿ ಊರಿನವರ ಹಾಲೆಲ್ಲ ಒಂದೇ ದೊಡ್ಡ ಕ್ಯಾನಿಗೆ ಬೀಳುತ್ತದೆ. ತಮ್ಮ ಹಾಲು ಅದರಲ್ಲಿ ಸೇರಿಹೋಗುವುದನ್ನು ಅತ್ತೆ ಬಗ್ಗಿ ನೋಡಿದರು. ವಾರ ಕಳೆಯುವುದರೊಳಗೆ ಆ ಮೆತ್ತಗಿನ ಹೆಂಗಸು ನಂದಿದುರ್ಗದ ಲೈನಿನಲ್ಲಿ ಹಾಲು ಅಳೆಯುತ್ತಿದ್ದದ್ದನ್ನು ಶಾಲೆಗೆ ಹೋಗುವಾಗ ನಾನೇ ನೋಡಿದೆ. ಈಗ ಅವಳು ಯಾರ ಕಡೆಗೂ ಹೆದರಿ ನೋಡುತ್ತಿರಲಿಲ್ಲ. ಮನೆಗೆ ಬಂದು ಹೇಳಿದೆ. ಹೇಳದೇ ಇರಬಹುದಿತ್ತು, ಹೇಳಿದೆ. ಅತ್ತೆ ಆ ಹೊತ್ತು ಊಟ ಬಿಟ್ಟರು.

ಬಂಗಾರಪೇಟೆಯ ಕಂಪನಿ ಆಫೀಸಿಗೆ ನಾವಿಬ್ಬರೂ ಹೋದೆವು. ಗೊಬ್ಬರದ ಅಂಗಡಿಯ ಮೇಲಿನ ಮಹಡಿ. ಗೋಡೆಯ ತುಂಬ ಬಣ್ಣಬಣ್ಣದ ಮಾತುಗಳು: ಧೈರ್ಯವಾಗಿ ಯೋಚಿಸಿ, ನಾಳೆಯನ್ನು ಇಂದೇ ಕಟ್ಟಿ. ಮೂಲೆಯಲ್ಲಿ ಕೆಟ್ಟುಹೋದ ಪೆನ್ನುಗಳ ಒಂದು ರಟ್ಟಿನ ಪೆಟ್ಟಿಗೆ. ಮ್ಯಾನೇಜರ್ ಮರ್ಯಾದಸ್ಥ, ಎದ್ದು ನಿಂತು ಅತ್ತೆಗೆ ಕೈಮುಗಿದ, ಟೀ ತರಿಸಿದ.

"ಅಮ್ಮಾ, ನೀವು ಬೇಜಾರು ಮಾಡ್ಕೋಬಾರ್ದು. ಆ ವಿಡಿಯೋ ನಿಮ್ಮ ಬಗ್ಗೆ ಅಲ್ಲ. ಅದು ಸಮಸ್ಯೆಯ ಬಗ್ಗೆ. ನೀವು ಆ ಸಮಸ್ಯೆಯ ಮುಖ ಅಷ್ಟೇ."

"ಮುಖ ನಂದಲ್ವೇನಪ್ಪಾ?" ಎಂದರು ಅತ್ತೆ.

ನಾನು ಕೇಳಿದೆ: "ಮೊದಲು ಹಸಿರು ಬಂತಲ್ಲ, ಅದನ್ನ ಯಾಕೆ ತೆಗೆದ್ರಿ?"

ಅವನು ನನ್ನನ್ನು ಕನಿಕರದಿಂದ ನೋಡಿದ. "ಮೇಡಂ, ನೀವು ಟೀಚರ್, ನಿಮಗೆ ಅರ್ಥವಾಗತ್ತೆ. ಹಸಿರಿನಲ್ಲಿ ಕತೆ ಇಲ್ಲ. ಹಾಲು ಚೆನ್ನಾಗೇ ಇದ್ರೆ ಪೆನ್ನು ಯಾಕೆ ಬೇಕು?"

ಆ ಆಫೀಸಿನಲ್ಲಿ ಕೇಳಿದ ಒಂದೇ ಒಂದು ನಿಜವಾದ ಮಾತು ಅದು. ಗೋಡೆಯ ಮೇಲೆ ಅದನ್ನು ಬರೆಸಿದ್ದರೆ ಉಳಿದದ್ದೆಲ್ಲ ಅಳಿಸಿಬಿಡಬಹುದಿತ್ತು. ಹೊಸದೊಂದು ಹುಟ್ಟಬೇಕಾದರೆ ಹಳೆಯದು ಕೊಳಕಾಗಿರಬೇಕು. ಕೊಳಕಾಗಿ ಇಲ್ಲದಿದ್ದರೆ ಒಂದು ಲೋಟ ನೀರು ಕೇಳಿ ಕೊಳಕು ಮಾಡಿಕೊಳ್ಳಬೇಕು. ಅಷ್ಟೇ ಅವರ ವಿದ್ಯೆ. ಅದಕ್ಕೆ ಕಾರ್ಡು, ಪರದೆ, ಮೈಸೂರುಪಾಕು.

ವಿಡಿಯೋ ತೆಗೆಯಲು ಆಗುವುದಿಲ್ಲ, ಬಹಳ ಜನ ನೋಡುತ್ತಿದ್ದಾರೆ ಎಂದ. ಬದಲಿಗೆ ಎರಡು ಕೊಡುತ್ತೇನೆ ಎಂದ. ಒಂದು, ಹೊಸ ಪೆನ್ನು, ಪೆಟ್ಟಿಗೆಯ ಸಮೇತ, ಉಚಿತವಾಗಿ. ಎರಡು, ಮುಂದಿನ ತಿಂಗಳು ಬಂಗಾರಪೇಟೆಯ ಕಲ್ಯಾಣ ಮಂಟಪದಲ್ಲಿ ಕಂಪನಿಯ ಸಮಾರಂಭ. ಅಲ್ಲಿ ಅಮ್ಮನಿಗೆ ಸನ್ಮಾನ. ಮೈಕು ಕೊಡುತ್ತೇವೆ, ಏನು ಬೇಕಾದರೂ ಮಾತಾಡಲಿ.

ಮೈಕು ಅಂದದ್ದೇ ಅತ್ತೆಯ ಕಣ್ಣು ಹೊಳೆಯಿತು. ನಾನು ಬೇಡ ಅಂದೆ. ದಾರಿಯುದ್ದಕ್ಕೂ ಬೇಡ ಅಂದೆ. "ನೀನ್ ಮುಚ್ಚು. ಊರೆಲ್ಲ ಬತ್ತದೆ. ಒಂದೇ ಮಾತು ಏಳ್ತೀನಿ, ಸಾಕು."

ಆ ತಿಂಗಳೆಲ್ಲ ಕೊಟ್ಟಿಗೆಯಲ್ಲಿ ಹಸುಗಳಿಗೆ ಆ ಒಂದೇ ಮಾತು ಹೇಳಿ ಹೇಳಿ ಅಭ್ಯಾಸ ಮಾಡಿದರು. ಸಮಾರಂಭದ ದಿನ ಅದೇ ರೇಷ್ಮೆ ಸೀರೆ, ಈ ಸಲ ಯಾರೂ ಬದಲಾಯಿಸಲು ಹೇಳಲಿಲ್ಲ. ಲೈನಿನಿಂದ ಜನರನ್ನು ಕರೆತರಲು ಕಂಪನಿಯೇ ವ್ಯಾನು ಕಳಿಸಿತ್ತು. ಪಾಟಿ ಮುಂದಿನ ಸಾಲಿನಲ್ಲಿದ್ದಳು. ಆ ಮೆತ್ತಗಿನ ಹೆಂಗಸೂ ಹಿಂದೆಲ್ಲೋ ಇದ್ದಳು. ಮೊದಲು ದೊಡ್ಡ ಪರದೆಯ ಮೇಲೆ ಅದೇ ವಿಡಿಯೋ ಹಾಕಿದರು. ಮನೆಯ ಬಾಗಿಲಿನಷ್ಟು ದೊಡ್ಡದಾಗಿ ಅತ್ತೆ ನೀರು ಸುರಿದರು. ಮಂಟಪದ ದೀಪ ಮತ್ತೆ ಹತ್ತಿದಾಗ ನಿರೂಪಕ ಕೂಗಿದ: "ತಪ್ಪನ್ನು ತಿದ್ದಿಕೊಂಡು, ಹೊಸತನ್ನು ಅಪ್ಪಿಕೊಂಡು, ಇಂದು ಪರಿಶುದ್ಧ ಹಾಲಿನ ರಾಯಭಾರಿಯಾಗಿರುವ ತಾಯಿ!"

ಶಾಲು ಹೊದಿಸಿದರು. ಹಾರ ಹಾಕಿದರು. ಹಣ್ಣಿನ ಬುಟ್ಟಿ ಕೊಟ್ಟರು. ಮೈಕನ್ನೂ ಕೊಟ್ಟರು, ಆಡಿದ ಮಾತಿಗೆ ತಪ್ಪಲಿಲ್ಲ.

"ನನ್ ಆಲ್ಗೆ ನಾನು ಯಾವತ್ತೂ ನೀರಾಕ್ದೋಳಲ್ಲ," ಎಂದರು ಅತ್ತೆ. ಸ್ಪಷ್ಟವಾಗಿ, ಗಟ್ಟಿ ದನಿಯಲ್ಲಿ, ಕಲಿತ ಹಾಗೆಯೇ. "ಇವ್ರು ಏಳುದ್ರು ಅಂತ ಆವತ್ತೊಂದಿನ ಆಕ್ದೆ."

ಇಡೀ ಮಂಟಪಕ್ಕೆ ಕೇಳಿಸಿತು. ಆಮೇಲೆ ಎಲ್ಲಿಂದಲೋ ನಗು ಶುರುವಾಯಿತು. ಕೆಟ್ಟ ನಗು ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಅದು ಪ್ರೀತಿಯ ನಗು, ಜೇಬಿನಲ್ಲಿ ಬೆಲ್ಲ ಇಟ್ಟುಕೊಂಡೇ ತಿಂದಿಲ್ಲ ಅನ್ನುವ ಮಗುವನ್ನು ನೋಡಿ ನಗುವಂಥದ್ದು. ಕ್ಷಮಿಸಿಬಿಟ್ಟವರ ನಗು. ನಿರೂಪಕ ಅವರ ಭುಜ ಹಿಡಿದು ಮೈಕು ತೆಗೆದುಕೊಂಡ. "ತಾಯಿ ಭಾವುಕರಾಗಿದ್ದಾರೆ. ಜೋರಾಗಿ ಒಂದು ಚಪ್ಪಾಳೆ!" ಪಾಟಿ ಎರಡೂ ಕೈ ಎತ್ತಿ ತಟ್ಟಿದಳು. ಆ ಮಂಟಪಕ್ಕೆ ಬೆಂಕಿ ಇಡಬೇಕು ಅಂತ ನನಗೆ ಅನಿಸಿತು. ನಾನೂ ಕೂತೇ ಇದ್ದೆ.

ಎರಡು ದಿನ ಅತ್ತೆ ಯಾರನ್ನೂ ಬೈಯಲಿಲ್ಲ. ಹಸುವನ್ನೂ ಬೈಯಲಿಲ್ಲ. ಸಾರಿಗೆ ಉಪ್ಪು ಮರೆತು ಬಡಿಸಿದೆ, ತಲೆ ಎತ್ತದೆ ತಿಂದರು. ನನಗೆ ನಿಜಕ್ಕೂ ಭಯವಾಯಿತು. ಮೂರನೆಯ ದಿನ ಪಾಟಿಯ ಮೊಮ್ಮಗಳು ಫೋನು ಮಾಡಿದಳು. ಅಜ್ಜಿ ಬರಹೇಳಿದ್ದಾಳೆ, ಲೈನಿನವರೆಲ್ಲ ಮತ್ತೆ ವರ್ತನೆ ಇಟ್ಟುಕೊಳ್ಳುತ್ತಾರಂತೆ, ಈಗ ನೀವು ಬದಲಾಗಿದ್ದೀರಲ್ಲ, ಮನೆಯಲ್ಲಿ ಪೆನ್ನೂ ತಂದಿದ್ದೇವೆ, ಏನೂ ಯೋಚನೆಯಿಲ್ಲ. ನಾನು ಸ್ಪೀಕರ್ ಹಾಕಿದ್ದೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಬತ್ತೀನಿ ಅನ್ನು," ಎಂದರು.

ಮರುದಿನ ಬೆಳಿಗ್ಗೆ ನಾನು ಮೊಪೆಡ್ಡು ಹೊರಗೆ ತಳ್ಳಿ ಒಳಗೆ ಬಂದಾಗ ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಮುಂದೆ ಹಾಲಿನ ಕ್ಯಾನು, ಪಕ್ಕದಲ್ಲಿ ನೀರಿನ ಚೊಂಬು, ಕೈಯಲ್ಲಿ ಕಂಪನಿ ಕೊಟ್ಟ ಪೆನ್ನು. ಪರೀಕ್ಷೆ ಮಾಡಿಕೊಂಡು ಹೊರಡುತ್ತಾರೆ, ಪಾಪ, ಅಂದುಕೊಂಡೆ. ಪೆನ್ನು ಅದ್ದಿದರು, ಹಸಿರು. ಚೊಂಬನ್ನು ಸ್ವಲ್ಪ ಬಗ್ಗಿಸಿದರು, ಕಲಕಿ ಅದ್ದಿದರು, ಹಸಿರು. ಮತ್ತೆ ಬಗ್ಗಿಸಿದರು, ಹಸಿರು. ಇನ್ನೊಂದು ಚೂರು ಬಗ್ಗಿಸಿದಾಗ ಕೆಂಪಾಯಿತು. ಪಕ್ಕದ ಪಾತ್ರೆಯಿಂದ ಒಂದು ಅಳತೆ ಹಾಲು ಸುರಿದರು. ಮತ್ತೆ ಹಸಿರು.

"ಇಷ್ಟು ಒಪ್ತದೆ ಇದು," ಎಂದರು.

"ಅತ್ತೇ, ಏನ್ ಮಾಡ್ತಿದ್ದೀರಿ?"

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಅಳುತ್ತಿರಲಿಲ್ಲ. ಅತ್ತಿದ್ದರೆ ನಾನೂ ಕೂತು ಅಳುತ್ತಿದ್ದೆ. "ಮೂವತ್ತು ವರ್ಸ ನೀರಾಕ್ದಲೇ ಕಳ್ಳಿ ಆದ್ನಲ್ಲೇ. ಇನ್ನಾಕುದ್ರೆ ಏನಾಯ್ತೀನಿ? ಎತ್ತು ಕ್ಯಾನ್ನ, ಒತ್ತಾತು."

ಎತ್ತಿದೆ. ಕ್ಯಾನು ಎಂದಿನಂತೆಯೇ ಭಾರವಾಗಿತ್ತು.

ನಂದಿದುರ್ಗದಲ್ಲಿ ಎಲ್ಲ ಹೊಸ್ತಿಲಲ್ಲೂ ಪಾತ್ರೆ ಇತ್ತು. ಪಾಟಿಯ ಮೊಮ್ಮಗಳು ಪೆನ್ನು ತಂದು ಅದ್ದಿದಳು, ಹಸಿರು ಬಂತು, ಅಕ್ಕಪಕ್ಕದವರಿಗೂ ತೋರಿಸಿದಳು. ಪಾಟಿ ಆಗಲೇ ಒಳಗಿಟ್ಟಿದ್ದ ಡಿಕಾಕ್ಷನ್ನಿಗೆ ಹಾಲು ಕಾಯಿಸಿ ಬೆರೆಸಿ, ಬಾಗಿಲಲ್ಲೇ ನಿಂತು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು.

"ಈಗ ನೋಡು ಪಾಲು ಅಂದ್ರೆ ಪಾಲು. ಮುಂಚೆಗಿಂತ ಎಷ್ಟು ಗಟ್ಟಿ!"

ಅತ್ತೆ "ಊಂ" ಅಂದರು. ಆಮೇಲೆ ಅಳತೆಯನ್ನು ಕ್ಯಾನಿಗೆ ಅದ್ದಿ, ಪಾಟಿಯ ಪಾತ್ರೆಗೆ ಯಾವತ್ತೂ ಹಾಕದಷ್ಟು ಕೊಸರು ಹಾಕಿದರು.